ಅಪ್ಪ-ಮಗನ ಜಗಳದಿಂದ ಹುಟ್ಟಿದ ಆಟ

ಅಮೆರಿಕದ ಒಹಾಯೊ ರಾಜ್ಯದ ರೀಡಿಂಗ್‌ನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಮರ್ಲ್ ರಾಬಿನ್ಸ್, ‘ಕ್ರೇಜಿ ಏಟ್ಸ್’ ಎಂಬ ಇಸ್ಪೀಟಾಟದ ನಿಯಮಕ್ಕಾಗಿ ಮಗನೊಂದಿಗೆ ವಾದಕ್ಕಿಳಿದರು. ಆ ವಾದದಿಂದಲೇ 1971ರಲ್ಲಿ ‘ಊನೋ’ ಹುಟ್ಟಿತು. ಮನೆಮಂದಿಯೆಲ್ಲ ಸೇರಿ 8,000 ಡಾಲರ್ ಒಟ್ಟುಗೂಡಿಸಿ 5,000 ಕಟ್ಟು ಅಚ್ಚು ಹಾಕಿಸಿದರು. ಮಾರಾಟವಾಗದಿದ್ದರೆ ಅಷ್ಟೂ ಹಣ ಹೋದಂತೆ! ಮೊದಲು ತಮ್ಮ ಅಂಗಡಿಯಲ್ಲೇ ಮಾರಿದರು. ಮುಂದೆ ಹಕ್ಕನ್ನು 50,000 ಡಾಲರ್ ಮತ್ತು ಕಟ್ಟೊಂದಕ್ಕೆ 10 ಸೆಂಟ್ ರಾಯಧನಕ್ಕೆ ಕೊಟ್ಟರು.

ತಲಾ 7 ಕಾರ್ಡು. ಬಣ್ಣ ಇಲ್ಲವೇ ಅಂಕಿ ಹೊಂದಿಸಿ ಕೈ ಖಾಲಿ ಮಾಡಬೇಕು. ಹಣದ ಪಣವೇನೂ ಬೇಕಿಲ್ಲ. ಮಜವಿರುವುದು ಪಕ್ಕದವರಿಗೆ ಕಾಟ ಕೊಡುವುದರಲ್ಲಿ. ಅತ್ತೆಯ ಕೈಗೆ ನಾಲ್ಕು ಕಾರ್ಡು ಹೇರಿ, ಸರದಿಯನ್ನೂ ತಪ್ಪಿಸುವ ಅವಕಾಶ ಸೊಸೆಗೆ ಬೇರೆಲ್ಲಿ ಸಿಕ್ಕೀತು ಹೇಳಿ! ಅತ್ತೆಯೂ ಸುಮ್ಮನಿರಬೇಕಿಲ್ಲ. ನಡೆಯುತ್ತಿರುವ ಬಣ್ಣದ ಕಾರ್ಡು ಸೊಸೆಯ ಬಳಿ ಇದ್ದರೆ ಆ ‘ನಾಲ್ಕು’ ಹಾಕುವಂತಿಲ್ಲ. ಅನುಮಾನ ಬಂದರೆ ಸೊಸೆಯ ಕಾರ್ಡು ತೋರಿಸಲು ಹೇಳಬಹುದು. ಸಿಕ್ಕಿಬಿದ್ದರೆ ನಾಲ್ಕೂ ಸೊಸೆಗೇ, ಅನುಮಾನ ಸುಳ್ಳಾದರೆ ಅತ್ತೆಗೆ ಆರು.

ಒಂದೇ ಕಾರ್ಡು ಉಳಿದಾಗ ‘ಊನೋ’ ಎನ್ನಲು ಮರೆತು ಸಿಕ್ಕಿಬಿದ್ದರೆ ಎರಡು ಕಾರ್ಡು ದಂಡ. ‘ಎರಡ’ರ ಮೇಲೆ ‘ಎರಡು’ ಪೇರಿಸುವಂತಿಲ್ಲ ಎಂದು ತಯಾರಕರಾದ ಮ್ಯಾಟೆಲ್ ಕಂಪೆನಿ 2019ರಲ್ಲಿ ಹೇಳಿತು. ಮಕ್ಕಳು ಒಪ್ಪಬೇಕಲ್ಲ!