ಬೇಲಿ ಸತ್ತಿಲ್ಲ, ಎಲೆ ಉದುರಿಸಿದೆ

ತಂತಿಬೇಲಿಗೆಂದು ಅಪ್ಪ ಕೂಡಿಟ್ಟಿದ್ದ ದುಡ್ಡು ಕಳೆದ ವರ್ಷ ನನ್ನ ಬಿಇ ಫೀಸಿಗೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಆದರೆ ದನ ನುಗ್ಗಿ ಅಮ್ಮನ ಬದನೆ, ಬೆಂಡೆ ಮೇಯ್ದಾಗಲೆಲ್ಲ ನನಗೇ ಚುಚ್ಚುತ್ತಿತ್ತು. ಮೇ ತಿಂಗಳಲ್ಲಿ ಊರಿಗೆ ಹೋದಾಗ ‘ಹಿತ್ತಲಿಗೆ ಜೀವಂತ ಬೇಲಿ ನಾನು ಹಾಕ್ತೀನಿ’ ಎಂದುಬಿಟ್ಟೆ.

ಯಾವ ಗಿಡ? ದಾಸವಾಳ ಚೆಂದ, ಆದರೆ ಆಡು ಉಳಿಸುವುದಿಲ್ಲ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮನೆಯಲ್ಲಿ ಅಕ್ಕನ ಪುಟ್ಟ ಮಗುವಿದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಗ್ಲಿರಿಸಿಡಿಯಾ, ನಮ್ಮ ತುಮಕೂರು ಕಡೆಯ ತೆಂಗಿನ ತೋಟಗಳ ಬದುಗಳಲ್ಲಿ ಕಾಣುವ ಗೊಬ್ಬರದ ಗಿಡ. ಮಧ್ಯ ಅಮೆರಿಕದಿಂದ ಬಂದದ್ದು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಸೊಪ್ಪು ಒಳ್ಳೆಯ ಗೊಬ್ಬರ. ಅದರ ವಾಸನೆ ಅಭ್ಯಾಸವಿಲ್ಲದ ದನ ಬೇಗ ಬಾಯಿ ಹಾಕುವುದಿಲ್ಲ. ಮುಖ್ಯವಾಗಿ, ಪಕ್ಕದ ತೋಟದವರು ಕೊಂಬೆಗಳನ್ನು ಪುಕ್ಕಟೆ ಕೊಟ್ಟರು!

ಜೂನ್‌ನ ಮೊದಲ ಮಳೆ ಬಿದ್ದ ಮೇಲೆ ಶುರು ಮಾಡಿದೆ. ಎಳೆಯ ಹಸಿರು ಕೊಂಬೆ ಬೇಡ, ಹೆಬ್ಬೆರಳಿಗಿಂತ ದಪ್ಪನಾದ ಬಲಿತದ್ದೇ ಬೇಕು. ಐದಡಿ ಉದ್ದಕ್ಕೆ ಕಡಿದು, ಹಾರೆಯಿಂದ ಅಡಿ ಆಳದ ಗುಂಡಿ ತೋಡಿ, ಅಡಿಗೊಂದರಂತೆ ನಿಲ್ಲಿಸಿ ಮಣ್ಣು ತುಳಿಯಬೇಕು. ಸುತ್ತಿಗೆಯಿಂದ ಬಡಿದರೆ ಸಿಪ್ಪೆ ಸುಲಿದು ಕೊಳೆಯುತ್ತದೆ. ಅಲುಗಾಡದಂತೆ ಅಡ್ಡಲಾಗಿ ಬಿದಿರಿನ ದಬ್ಬೆ ಕಟ್ಟಿದೆ. ಎರಡು ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. ಕೀಬೋರ್ಡ್ ಕುಟ್ಟುವ ಕೈ ನೋಡಿ!

ಮೂರು ವಾರದಲ್ಲಿ ಚಿಗುರು ಬಂತು, ಹನ್ನೊಂದು ಕಡ್ಡಿ ಬಿಟ್ಟು. ಕಿತ್ತು ನೋಡಿದರೆ ಅವೆಲ್ಲ ತಲೆಕೆಳಗು! ಎರಡೂ ತುದಿ ಓರೆಯಾಗಿ ಕಡಿದಿದ್ದೆ, ಸಂಜೆಗತ್ತಲಲ್ಲಿ ಬುಡ ಯಾವುದು, ತುದಿ ಯಾವುದು ಗೊತ್ತಾಗಿರಲಿಲ್ಲ. ‘ನಮ್ಮ ಎಂಜಿನಿಯರು’ ಎಂದು ಅಮ್ಮ ನಕ್ಕಿದ್ದು ಇನ್ನೂ ನಿಂತಿಲ್ಲ.

ಫೆಬ್ರುವರಿಯಲ್ಲಿ ಮತ್ತೆ ಊರಿಗೆ ಹೋದೆ. ಬೇಲಿ ಬೋಳು. ಈ ಗಿಡ ಒಣಹವೆಯಲ್ಲಿ ಎಲೆ ಉದುರಿಸುತ್ತದೆಂದು ಓದಿದ್ದೆ, ಆದರೂ ನೋಡಿದಾಗ ಎದೆ ಧಸಕ್ಕೆಂದಿತು. ‘ಬರೀ ಸೌದೆ ನೆಟ್ಟಿದ್ದೀಯ’ ಎಂದು ದಾರಿಹೋಕರೊಬ್ಬರು ನಕ್ಕರು. ಅಪ್ಪ ಮಾತಾಡಲಿಲ್ಲ. ಒಂದು ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದ. ಒಳಗೆ ಹಸಿರು. ಮುಂದಿನದ್ದನ್ನು ಕೆರೆದ, ಅದರಾಚೆಯದನ್ನೂ. ಸಾಲಿನ ಕೊನೆಯವರೆಗೂ ಹಾಗೇ ಹೋದ. ಉದುರಿದ ಎಲೆಯನ್ನೆಲ್ಲ ಅಮ್ಮ ಆಗಲೇ ಬದನೆ ಬುಡಕ್ಕೆ ಹಾಕಿದ್ದಳು.

ಹನ್ನೊಂದು ಸಂದಿ ಇನ್ನೂ ಹಾಗೇ ಇವೆ, ಕರು ಅಲ್ಲಿಂದಲೇ ನುಗ್ಗುತ್ತದೆ. ಈ ಜೂನ್‌ಗೆ ಮತ್ತೆ ನೆಡುತ್ತೇನೆ. ಬುಡದ ತುದಿಯನ್ನಷ್ಟೇ ಓರೆಯಾಗಿ ಕಡಿದು.