ಪೆಟ್ರೋಲ್ ಮುಳ್ಳಿನ ಸುಳ್ಳು

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಕಡೆಯಿಂದ ಹುಲಿಕಲ್ಲಿಗೆ ಬಂದ ರಸ್ತೆಯು ಅಲ್ಲಿಂದ ಮುಂದೆ ಬಾಳೆಬರೆ ಘಾಟಿಯ ತಿರುವುಗಳಲ್ಲಿ ಹೊಸಂಗಡಿಯತ್ತ ಇಳಿಯುತ್ತದೆ. ಇಕ್ಕೆಲಗಳಲ್ಲಿಯೂ ದಟ್ಟವಾದ ಕಾಡು. ಕರ್ನಾಟಕದಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಹುಲಿಕಲ್ ಒಂದು. ಹಲವು ವರ್ಷಗಳಲ್ಲಿ ಇಲ್ಲಿ 6000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗಿದೆ. ಮಂಜು ಕವಿದ ಸಂಜೆ ಇಂಥ ಏರಿನ ತಿರುವಿನಲ್ಲಿ ಪೆಟ್ರೋಲು ಮುಗಿದು ಹಳೆಯ ಕಾರೊಂದು ನಿಂತುಬಿಟ್ಟರೆ ಅದು ಕೇವಲ ತೊಂದರೆಯಲ್ಲ, ಅಪಾಯವೇ ಸರಿ. ಅದರಲ್ಲಿಯೂ ಎದುರಿಗಿರುವ ಮುಳ್ಳು ‘ಅರ್ಧ ತುಂಬಿದೆ’ ಎಂದು ತೋರಿಸುತ್ತಿರುವಾಗಲೇ ಹೀಗಾದರೆ?

1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರುಗಳೂ, ಅವುಗಳ ಸಮಕಾಲೀನವಾದ ಫಿಯೆಟ್ ಕಾರುಗಳೂ ನಮ್ಮಲ್ಲಿ ಇಂದಿಗೂ ಕೆಲವರ ಮನೆಗಳಲ್ಲಿ ಅಕ್ಕರೆಯಿಂದ ಉಳಿದಿವೆ. ಇಂಥ ಹಳೆಯ ಕಾರುಗಳ ಪೆಟ್ರೋಲ್ ಮಾಪಕ ಕೆಟ್ಟಾಗ ದೋಷವನ್ನು ಹುಡುಕಲು ಓಮನ ನಿಯಮವೊಂದೇ ಬಹುಮಟ್ಟಿಗೆ ಸಾಕೆಂಬುದನ್ನು ಇಲ್ಲಿ ನೋಡೋಣ.

ಮಾಪಕವು ಅಳೆಯುವುದೇನನ್ನು?

ಮುಳ್ಳು ಪೆಟ್ರೋಲನ್ನು ನೋಡುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ವಿದ್ಯುತ್ಪ್ರವಾಹವೊಂದೇ. ಟ್ಯಾಂಕಿನೊಳಗೆ ಒಂದು ತೇಲುಗುಂಡು ಇರುತ್ತದೆ. ಅದು ಏರಿಳಿದಂತೆ ಅದರ ತೋಳು ರೋಧತಂತಿಯೊಂದರ ಮೇಲೆ ಜಾರುತ್ತದೆ. ಹೀಗೆ ಪೆಟ್ರೋಲಿನ ಮಟ್ಟವು ರೋಧವಾಗಿಯೂ, ರೋಧವು ಪ್ರವಾಹವಾಗಿಯೂ, ಪ್ರವಾಹವು ಮುಳ್ಳಿನ ಚಲನೆಯಾಗಿಯೂ ಮಾರ್ಪಡುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಮುಳ್ಳು ಸುಳ್ಳು ಹೇಳುತ್ತದೆ.

ಹಳೆಯ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಮಾಪಕಗಳುಂಟು. ಮೊದಲನೆಯದರಲ್ಲಿ ಎರಡು ತಂತಿಸುರುಳಿಗಳು ಕಬ್ಬಿಣದ ಚೂರೊಂದನ್ನು ಎರಡು ಕಡೆಗೆ ಸೆಳೆಯುತ್ತವೆ. ಟ್ಯಾಂಕು ಖಾಲಿಯಿದ್ದಾಗ ರೋಧವು ಸೊನ್ನೆಗೆ ಸಮೀಪ; ಆಗ ‘ತುಂಬಿದೆ’ ಎಂಬ ಕಡೆಯ ಸುರುಳಿಯನ್ನು ಬಳಸಿಕೊಂಡು ಪ್ರವಾಹವು ರೋಧತಂತಿಯ ಮೂಲಕವೇ ಹರಿದುಹೋಗುತ್ತದೆ. ರೋಧ ಹೆಚ್ಚಿದಷ್ಟೂ ಆ ಸುರುಳಿಗೆ ಬಲ ಬರುತ್ತದೆ. ಎರಡನೆಯ ಬಗೆಯದು 1960ರ ದಶಕದ ನಡುವಿನಿಂದ ಬ್ರಿಟಿಷ್ ಕಾರುಗಳಲ್ಲಿ ಬಳಕೆ ಹೆಚ್ಚಿದ ದ್ವಿಲೋಹ ಪಟ್ಟಿಯ ಮಾಪಕ. ಪ್ರವಾಹದ ಶಾಖದಿಂದ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಇಲ್ಲಿ ಕ್ರಮ ತಿರುವುಮುರುವು: ಖಾಲಿಯಾದಾಗ ರೋಧ ಹೆಚ್ಚು, ತುಂಬಿದಾಗ ಕಡಿಮೆ. ಬ್ಯಾಟರಿಯ ಏರಿಳಿತ ತಟ್ಟದಿರಲೆಂದು ಇದಕ್ಕೆ ಸರಾಸರಿ 10 ವೋಲ್ಟುಗಳನ್ನು ಒದಗಿಸುವ ಸ್ಥಿರಕಾರಿಯೊಂದನ್ನು ಜೋಡಿಸಿರುತ್ತಾರೆ.

ಸ್ವಿಚ್ಚನ್ನು ತಿರುಗಿಸಿದೊಡನೆ ಮುಳ್ಳು ಥಟ್ಟನೆ ನೆಗೆದರೆ ಅದು ಮೊದಲನೆಯ ಬಗೆ. ನಿಧಾನವಾಗಿ ತೆವಳಿದರೆ ಎರಡನೆಯದು.

ತುಕ್ಕಿನ ಲೆಕ್ಕ

ದ್ವಿಲೋಹ ಮಾಪಕದ ಸುರುಳಿಯ ರೋಧ 60 ಓಮ್, ತುಂಬಿದ ಟ್ಯಾಂಕಿನ ರೋಧ 20 ಓಮ್ ಎಂದು ಭಾವಿಸೋಣ. ಆಗ ಪ್ರವಾಹ 10/80, ಅಂದರೆ 0.125 ಆಂಪಿಯರ್. ಮಲೆನಾಡಿನ ತೇವದಿಂದ ಅರ್ತ್ ಸಂಪರ್ಕಕ್ಕೆ ತುಕ್ಕು ಹಿಡಿದು 40 ಓಮ್ ರೋಧ ಹೆಚ್ಚಾಯಿತೆನ್ನಿ. ಪ್ರವಾಹ 10/120, ಅಂದರೆ ಸುಮಾರು 0.083 ಆಂಪಿಯರಿಗೆ ಇಳಿಯುತ್ತದೆ. ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಮೊದಲಿನ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಕುಗ್ಗುತ್ತದೆ. ಟ್ಯಾಂಕು ತುಂಬಿದ್ದರೂ ಮುಳ್ಳು ಕೆಳಗೇ ನಿಲ್ಲುತ್ತದೆ.

ಇದೇ ತುಕ್ಕು ಮೊದಲನೆಯ ಬಗೆಯ ಮಾಪಕದಲ್ಲಿ ಇದ್ದರೆ ಪರಿಣಾಮ ವಿರುದ್ಧ: ಇಲ್ಲದ ಪೆಟ್ರೋಲು ಇದೆಯೆಂದು ಮುಳ್ಳು ನಂಬಿಸುತ್ತದೆ. ಘಾಟಿಯಲ್ಲಿ ಕಾರನ್ನು ನಿಲ್ಲಿಸುವುದು ಈ ಎರಡನೆಯ ಸುಳ್ಳು.

ಹುಡುಕುವ ಕ್ರಮ

ಮೊದಲು ಫ್ಯೂಸನ್ನು ನೋಡಬೇಕು. ದ್ವಿಲೋಹ ಬಗೆಯಲ್ಲಿ ಅದೇ ಸ್ಥಿರಕಾರಿಗೆ ಸೇರಿದ ಉಷ್ಣತಾಮಾಪಕವೂ ತಪ್ಪು ತೋರಿಸುತ್ತಿದ್ದರೆ ಟ್ಯಾಂಕನ್ನು ದೂರುವ ಮೊದಲು ಸ್ಥಿರಕಾರಿಯನ್ನು ಪರೀಕ್ಷಿಸುವುದು ಲೇಸು.

ಬಳಿಕ ಸ್ವಿಚ್ಚನ್ನು ಆರಿಸಿ, ಟ್ಯಾಂಕಿನ ಮೇಲಿನ ತಂತಿಯನ್ನು ಬಿಚ್ಚಿ, ಅದು ಯಾವುದಕ್ಕೂ ತಗುಲದಂತೆ ಇರಿಸಿ, ಸ್ವಿಚ್ಚು ಹಾಕಬೇಕು. ಮಾಪಕ ಸರಿಯಿದ್ದರೆ ಮೊದಲನೆಯ ಬಗೆಯದು ‘ತುಂಬಿದೆ’ ಎನ್ನುತ್ತದೆ, ದ್ವಿಲೋಹದ್ದು ‘ಖಾಲಿ’ ಎನ್ನುತ್ತದೆ. ಮತ್ತೆ ಸ್ವಿಚ್ಚನ್ನು ಆರಿಸಿ, ಆ ತಂತಿಯನ್ನು ಕಾರಿನ ಶುಭ್ರವಾದ ಲೋಹಭಾಗಕ್ಕೆ ಕಟ್ಟಿ ನೋಡಿದರೆ ಉತ್ತರಗಳು ಅದಲುಬದಲಾಗಬೇಕು. ದ್ವಿಲೋಹ ಬಗೆಯಲ್ಲಿ ನೇರವಾಗಿ ಕಟ್ಟದೆ 20 ಓಮಿನ ರೋಧಕವೊಂದನ್ನು ನಡುವೆ ಸೇರಿಸಿದರೆ ಸುರುಳಿಗೆ ಹಾನಿಯಿಲ್ಲ.

ಈ ಎರಡು ಪರೀಕ್ಷೆಗಳಲ್ಲಿಯೂ ಮುಳ್ಳು ಸರಿಯಾಗಿ ಉತ್ತರಿಸಿದರೆ ಮಾಪಕವೂ ತಂತಿಯೂ ನಿರ್ದೋಷಿಗಳು. ಆಗ ತಂತಿಯನ್ನು ಸ್ವಸ್ಥಾನಕ್ಕೆ ಸೇರಿಸಿ, ಟ್ಯಾಂಕಿನ ಘಟಕದ ಮೈಯಿಂದ ಕಾರಿನ ಚೌಕಟ್ಟಿಗೆ ಬೇರೊಂದು ತಂತಿಯನ್ನು ಜೋಡಿಸಬೇಕು. ಮುಳ್ಳು ಸರಿಹೋದರೆ ಅಪರಾಧಿ ಅರ್ತ್ ಸಂಪರ್ಕವೇ. ತುಕ್ಕನ್ನು ಉಜ್ಜಿ ತೆಗೆದರೆ ಕೆಲಸ ಮುಗಿಯಿತು. ಸರಿಹೋಗದಿದ್ದರೆ ಮಾತ್ರ ಘಟಕವನ್ನು ಹೊರತೆಗೆಯುವ ಪ್ರಸಂಗ. ತೇಲುಗುಂಡಿನೊಳಗೆ ಪೆಟ್ರೋಲು ಸೇರಿ ಅದು ಮುಳುಗಿರಬಹುದು. ರೋಧತಂತಿ ಒಂದೆಡೆ ಸವೆದಿರಬಹುದು. ಎರಡನೆಯ ದೋಷವಿದ್ದರೆ ಮುಳ್ಳು ಒಂದು ನಿರ್ದಿಷ್ಟ ಮಟ್ಟದಲ್ಲಿ ಮಾತ್ರ ಕುಣಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದಲ್ಲಿ ಹರಡಿ ದೂರದ ಕಿಡಿಯನ್ನೂ ಮುಟ್ಟಬಲ್ಲುದು. ಘಟಕವನ್ನು ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಲೇಬೇಕು. ಬಯಲಿನಲ್ಲಿಯೇ, ಬೀಡಿ ದೀಪಗಳಿಂದ ದೂರವಾಗಿ, ಬಲ್ಲ ಮೆಕ್ಯಾನಿಕರ ಜೊತೆಯಲ್ಲಿಯೇ ಈ ಕೆಲಸ ನಡೆಯತಕ್ಕದ್ದು.

ದೋಷವಲ್ಲದ ದೋಷ

ಎಲ್ಲವೂ ಸರಿಯಿದ್ದಾಗಲೂ ಘಾಟಿಯಲ್ಲಿ ಮುಳ್ಳು ಬದಲಾಗುವುದುಂಟು. ಕಾರು ಓರೆಯಾದರೂ ದ್ರವದ ಮೇಲ್ಮೈ ಸಮತಲವಾಗಿಯೇ ನಿಲ್ಲುವುದರಿಂದ ಟ್ಯಾಂಕಿನ ಒಂದು ಕಡೆ ಪೆಟ್ರೋಲು ಹೆಚ್ಚಿ ಇನ್ನೊಂದು ಕಡೆ ತಗ್ಗುತ್ತದೆ. ತೇಲುಗುಂಡು ಯಾವ ಕಡೆಗಿದೆಯೋ ಆ ಕಡೆಯ ಮಾತನ್ನೇ ಮುಳ್ಳು ಆಡುತ್ತದೆ. ಆದುದರಿಂದ ಏರನ್ನು ಹತ್ತುವ ಮೊದಲೇ, ಸಮನೆಲದಲ್ಲಿ ನಿಲ್ಲಿಸಿ ನೋಡಿದ ಅಳತೆಯೇ ನಂಬಲರ್ಹ.

ಮಾಪಕವನ್ನು ರಿಪೇರಿ ಮಾಡಿದ ಮೇಲೆ ಬರಿದಾದ ಟ್ಯಾಂಕಿಗೆ ಐದೈದು ಲೀಟರು ಹಾಕುತ್ತ ಮುಳ್ಳು ನಿಂತ ಸ್ಥಾನವನ್ನು ಬರೆದಿಟ್ಟುಕೊಂಡರೆ ನಮ್ಮದೇ ಆದ ಅಳತೆಪಟ್ಟಿ ಸಿದ್ಧವಾಗುತ್ತದೆ. ಪ್ರಯೋಗಶಾಲೆಯಲ್ಲಿ ಆಮ್ಮೀಟರನ್ನು ತಾಳೆನೋಡುವುದೂ ಇದೇ ರೀತಿಯಲ್ಲಿ. ಯಾವ ಉಪಕರಣದ ಮುಂದೆ ನಿಂತರೂ ‘ಇದು ನಿಜವಾಗಿ ಅಳೆಯುತ್ತಿರುವುದೇನನ್ನು?’ ಎಂದು ಮೊದಲು ಕೇಳುವ ವಿದ್ಯಾರ್ಥಿಯನ್ನು ಮುಳ್ಳಿನ ಸುಳ್ಳು ಬಹಳ ಹೊತ್ತು ಮೋಸಗೊಳಿಸಲಾರದು.