ಎದುರುಗಾಳಿಗೆ ಎದೆಯೊಡ್ಡಿದವರು

ಸೈಕಲ್ ಸ್ಪರ್ಧೆಯ ಛಾಯಾಚಿತ್ರವೊಂದನ್ನು ಪತ್ರಿಕೆಯಲ್ಲಿ ನೋಡುವಾಗ ನಮ್ಮ ಕಣ್ಣಿಗೆ ಬೀಳುವವನು ಒಬ್ಬನೇ: ಎರಡೂ ಕೈಗಳನ್ನು ಮೇಲೆತ್ತಿ ಗೆಲುವಿನ ಗೆರೆಯನ್ನು ದಾಟುತ್ತಿರುವವನು. ಅವನ ಹಿಂದೆ ಮಸುಕಾಗಿ ಕಾಣುವ ಮುಖಗಳ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಆ ಗೆಲುವು ನಿಜವಾಗಿ ಯಾರದು ಎಂದು ಪ್ರಾಮಾಣಿಕವಾಗಿ ವಿಚಾರಿಸಹೊರಟರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

ಮುಂಗಾರಿನ ಮೊದಲ ದಿನಗಳಲ್ಲಿ ಕಡಲ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಈ ಆಟದ ಮೂಲತತ್ತ್ವವನ್ನು ವಿವರಿಸಬೇಕಾಗಿಲ್ಲ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸವಾರನ ಶಕ್ತಿಯ ಬಹುಪಾಲು ವ್ಯಯವಾಗುವುದು ಗಾಳಿಯನ್ನು ಸೀಳುವುದರಲ್ಲಿ. ಮುಂದಿನವನ ಹಿಂಚಕ್ರದಿಂದ ಗೇಣು ದೂರದಲ್ಲಿ ತನ್ನ ಮುಂಚಕ್ರವನ್ನಿರಿಸಿ ಹಿಂಬಾಲಿಸುವವನಿಗೆ ಆ ಶ್ರಮದಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿಯುತ್ತದೆ. ಒಬ್ಬನ ಬೆನ್ನು ಇನ್ನೊಬ್ಬನಿಗೆ ಆಸರೆ. ಎಷ್ಟೇ ಬಲಶಾಲಿಯಾದರೂ ದಿನವಿಡೀ ಒಬ್ಬನೇ ಗಾಳಿಯನ್ನು ಎದುರಿಸಿದವನು ಕೊನೆಯಲ್ಲಿ ಸೋಲುವುದು ಖಚಿತ. ಈ ಒಂದು ಭೌತಿಕ ಸತ್ಯದಿಂದಲೇ ಸೈಕಲ್ ಸ್ಪರ್ಧೆಯ ಇಡೀ ನೀತಿಸಂಹಿತೆ ಹುಟ್ಟಿಕೊಂಡಿದೆ ಎಂದರೆ ಅತಿಶಯೋಕ್ತಿಯಾಗದು. ಆ ನೀತಿಯನ್ನು ಕಷ್ಟಪಟ್ಟು ಕಲಿತ ಹವ್ಯಾಸಿ ತಂಡವೊಂದರ ಕಥೆ ಇಲ್ಲಿದೆ.

ಪ್ರೀತಿಸುವವರ ಪಡೆ

ಅಮೆರಿಕದಲ್ಲಿ 1981ರಲ್ಲಿ ಈ ತಂಡವನ್ನು ಕಟ್ಟಿದವರು ಜಿಮ್ ಓಕೊವಿಚ್. 1972ರ ಮ್ಯೂನಿಕ್ ಹಾಗೂ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗಳಲ್ಲಿ ಸೈಕಲ್ ಸವಾರರಾಗಿ ಪಾಲ್ಗೊಂಡಿದ್ದ ಅವರು, ಸೆವೆನ್ ಇಲೆವೆನ್ ಎಂಬ ಅಂಗಡಿಗಳ ಸರಣಿಯನ್ನು ನಡೆಸುತ್ತಿದ್ದ ಸೌತ್‌ಲ್ಯಾಂಡ್ ಕಂಪನಿಯ ಪ್ರಾಯೋಜಕತ್ವವನ್ನು ದೊರಕಿಸಿಕೊಂಡರು. ತಂಡಕ್ಕೂ ಅಂಗಡಿಯ ಹೆಸರೇ ಬಂತು. ತಂಡದ ಅತ್ಯಂತ ಪ್ರಸಿದ್ಧ ವ್ಯಕ್ತಿ ಮೂಲತಃ ಸೈಕಲ್ ಪಟುವೇ ಆಗಿರಲಿಲ್ಲ. 1980ರಲ್ಲಿ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮಜಾರಾಟದ ಐದೂ ದೂರಗಳಲ್ಲಿ ಐದು ಚಿನ್ನದ ಪದಕಗಳನ್ನು ಗೆದ್ದಿದ್ದ ಎರಿಕ್ ಹೈಡನ್ ಅವರು, ಕೀರ್ತಿಯ ಶಿಖರದಿಂದ ಇಳಿದು ಇನ್ನೊಂದು ಆಟದ ಮೊದಲ ಪಾಠಕ್ಕೆ ಬಂದು ಕುಳಿತಿದ್ದರು. ಇವರೊಂದಿಗೆ ಡೇವಿಸ್ ಫಿನ್ನಿ, ರಾನ್ ಕೀಫೆಲ್, ಕೆನಡಾದ ಅಲೆಕ್ಸ್ ಸ್ಟೀಡಾ ಮೊದಲಾದ ತರುಣರು ಒಂದುಗೂಡಿದರು.

ಅಂದಿನ ಒಲಿಂಪಿಕ್ ಸೈಕಲ್ ಸ್ಪರ್ಧೆಗಳಲ್ಲಿ ವೃತ್ತಿಪರರಿಗೆ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆದದ್ದು 1996ರಲ್ಲಿ. ಆದ್ದರಿಂದ ಇವರೆಲ್ಲರೂ ಅಮೆಚೂರ್‌ಗಳು. ಈ ಪದವನ್ನು ನಾವು ‘ಹವ್ಯಾಸಿ’ ಎಂದು ಅನುವಾದಿಸಿ, ಪರಿಣತಿ ಸಾಲದವನು ಎಂಬ ತಾತ್ಸಾರದ ಅರ್ಥವನ್ನೂ ಅದಕ್ಕೆ ಅಂಟಿಸಿಬಿಟ್ಟಿದ್ದೇವೆ. ಆದರೆ ಲ್ಯಾಟಿನ್ ಮೂಲದಲ್ಲಿ ಆ ಪದದ ಅರ್ಥ ‘ಪ್ರೀತಿಸುವವನು’ ಎಂದಷ್ಟೇ. ಕೆಲವು ಕೆಲಸಗಳ ಗುರಿ ಆ ಕೆಲಸದ ಹೊರಗಿರುತ್ತದೆ, ಇನ್ನು ಕೆಲವು ಕ್ರಿಯೆಗಳ ಗುರಿ ಆ ಕ್ರಿಯೆಯೊಳಗೇ ಇರುತ್ತದೆ ಎಂದು ಅರಿಸ್ಟಾಟಲ್ ವಿಂಗಡಿಸುತ್ತಾನೆ. ಸಂಬಳಕ್ಕಾಗಿ ತುಳಿಯುವವನ ಗುರಿ ಸಂಬಳ. ತುಳಿಯುವುದಕ್ಕಾಗಿಯೇ ತುಳಿಯುವವನ ಗುರಿ ಅವನ ಕಾಲಡಿಯಲ್ಲೇ ಇದೆ. ಆದರೂ ಪ್ರೀತಿಯೊಂದೇ ಸಾಕೇ? ಅದನ್ನು ಪರೀಕ್ಷಿಸುವ ಗಾಳಿ ಬೀಸದೆ ಇರುವುದಿಲ್ಲ.

ನಗರದ ಬೀದಿಗಳ ಪಾಠಶಾಲೆ

ಈ ತಂಡ ತನ್ನ ವಿದ್ಯೆಯನ್ನು ಬಹುಮಟ್ಟಿಗೆ ಕಲಿತದ್ದು ಕ್ರೈಟೀರಿಯಂ ಎಂಬ ಬಗೆಯ ಸ್ಪರ್ಧೆಗಳಲ್ಲಿ. ಊರಿಂದ ಊರಿಗೆ ಸಾಗುವ ದೀರ್ಘ ರಸ್ತೆ ಸ್ಪರ್ಧೆಗಿಂತ ಇದು ಭಿನ್ನ. ಪೇಟೆಯ ನಡುವಿನ ಕೆಲವು ಬೀದಿಗಳನ್ನು ಮುಚ್ಚಿ, ಒಂದೆರಡು ಕಿಲೋಮೀಟರಿನ ಸುತ್ತನ್ನು ಗುರುತಿಸಿ, ಅದನ್ನೇ ಹತ್ತಾರು ಬಾರಿ ಸುತ್ತಬೇಕು. ಪ್ರತಿ ಸುತ್ತಿಗೂ ನಾಲ್ಕಾರು ತೀಕ್ಷ್ಣ ತಿರುವುಗಳು. ಪ್ರತಿ ತಿರುವಿನ ಬಳಿಕವೂ ಎದ್ದು ತುಳಿಯುವ ಆವೇಗ. ನಡುನಡುವೆ ಗಂಟೆ ಬಾರಿಸಿದರೆ, ಮುಂದಿನ ಬಾರಿ ಗೆರೆ ದಾಟುವ ಮೊದಲಿಗನಿಗೆ ವಿಶೇಷ ಬಹುಮಾನವಿದೆ ಎಂದರ್ಥ. ಗುಂಪಿನ ಬಾಲದಲ್ಲಿರುವವನು ಪ್ರತಿ ತಿರುವಿನಲ್ಲೂ ಬ್ರೇಕು ಹಿಡಿದು, ಮತ್ತೆ ಓಡಿ ಅಂತರವನ್ನು ತುಂಬಿಕೊಳ್ಳಬೇಕಾಗುತ್ತದೆ. ಹೀಗೆ ಬಲಗುಂದಿದವರು ಒಬ್ಬೊಬ್ಬರಾಗಿ ಕಳಚಿ ಬೀಳುತ್ತಾರೆ.

ಅಮೆರಿಕದಲ್ಲಿ ಇಂತಹ ಸ್ಪರ್ಧೆಗಳಿಗೆ ಹಳೆಯ ಪರಂಪರೆಯಿದೆ. ನ್ಯೂಜೆರ್ಸಿಯ ಸಾಮರ್‌ವಿಲ್ ಪಟ್ಟಣದ ಸ್ಪರ್ಧೆ ಆರಂಭವಾದದ್ದು 1940ರಲ್ಲಿ. ಮೊದಲ ಎರಡು ವರ್ಷ ಗೆದ್ದ ಫರ್ಮನ್ ಕುಗ್ಲರ್ ಹಾಗೂ 1942ರಲ್ಲಿ ಗೆದ್ದ ಕಾರ್ಲ್ ಆಂಡರ್ಸನ್ ಇಬ್ಬರೂ ಎರಡನೆಯ ಮಹಾಯುದ್ಧದಲ್ಲಿ ಮಡಿದರು. ಯುದ್ಧಾನಂತರ ಸ್ಪರ್ಧೆ ಪುನರಾರಂಭವಾದಾಗ ಅದಕ್ಕೆ ಆ ಇಬ್ಬರು ತರುಣರ ಹೆಸರನ್ನೇ ಇಡಲಾಯಿತು.

ಸೆವೆನ್ ಇಲೆವೆನ್ ತಂಡ ಇಂತಹ ಬೀದಿಗಳಲ್ಲಿ ಒಂದು ಶಿಸ್ತನ್ನು ರೂಢಿಸಿಕೊಂಡಿತು. ಕೊನೆಯ ಸುತ್ತುಗಳಲ್ಲಿ ತಂಡದವರು ಒಬ್ಬರ ಹಿಂದೊಬ್ಬರಂತೆ ಸಾಲಾಗಿ ಮುಂಭಾಗಕ್ಕೆ ಬರುವರು. ಮೊದಲನೆಯವರು ತಮ್ಮ ಶಕ್ತಿಯೆಲ್ಲವನ್ನೂ ಸುರಿದು, ಇನ್ನಾಗದು ಎಂದಾಗ ಬದಿಗೆ ಸರಿಯುವರು. ಅನಂತರ ಎರಡನೆಯವರು, ಮೂರನೆಯವರು. ಕಟ್ಟಕಡೆಗೆ, ಅಷ್ಟು ಹೊತ್ತು ಗಾಳಿಯನ್ನೇ ಕಾಣದೆ ಬಂದಿದ್ದ ಡೇವಿಸ್ ಫಿನ್ನಿ ಸಾಲಿನಿಂದ ಹೊರಚಿಮ್ಮಿ ಗೆರೆ ದಾಟುವರು. ತಮ್ಮ ಕ್ರೀಡಾಜೀವನದಲ್ಲಿ ಫಿನ್ನಿ ಗೆದ್ದ ಸ್ಪರ್ಧೆಗಳು 300ಕ್ಕಿಂತಲೂ ಹೆಚ್ಚು. ಆದರೆ ಆ ಗೆಲುವುಗಳಲ್ಲಿ ಸಾಲದ ಲೆಕ್ಕವೊಂದಿದೆ. ಬದಿಗೆ ಸರಿದವರು ನಲವತ್ತನೆಯವರೋ ಐವತ್ತನೆಯವರೋ ಆಗಿ ಗುರಿ ಸೇರಿರುತ್ತಾರೆ. ಅವರ ಶ್ರಮ ಯಾವ ಫಲಿತಾಂಶಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.

ನಿಯಮ ಮತ್ತು ನ್ಯಾಯ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನಾಲ್ವರ ತಂಡಗಳು 100 ಕಿಲೋಮೀಟರು ದೂರವನ್ನು ಗಡಿಯಾರದ ವಿರುದ್ಧ ಕ್ರಮಿಸುವ ಸ್ಪರ್ಧೆಯಲ್ಲಿ ಫಿನ್ನಿ ಮತ್ತು ಕೀಫೆಲ್ ಅವರಿದ್ದ ಅಮೆರಿಕ ತಂಡಕ್ಕೆ ಕಂಚಿನ ಪದಕ ಬಂತು. ಆ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸೈಕಲ್ ಪಟುಗಳು ಒಟ್ಟು ಒಂಬತ್ತು ಪದಕಗಳನ್ನು ಗೆದ್ದರು. ಸಂಭ್ರಮ ದೊಡ್ಡದಾಗಿತ್ತು. ಆದರೆ 1985ರ ಜನವರಿಯಲ್ಲಿ ಒಂದು ಸಂಗತಿ ಬಯಲಿಗೆ ಬಂತು. ರಾಷ್ಟ್ರೀಯ ತಂಡದ ಕೆಲವರು ಸ್ಪರ್ಧೆಗೆ ಮುನ್ನ ರಕ್ತವನ್ನು ಏರಿಸಿಕೊಂಡಿದ್ದರು. ಕೆಂಪು ರಕ್ತಕಣಗಳು ಹೆಚ್ಚಿದಷ್ಟೂ ಸ್ನಾಯುಗಳಿಗೆ ಆಮ್ಲಜನಕ ಹೆಚ್ಚು ಒದಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಎಲ್ಲರೂ ಇದಕ್ಕೆ ಒಳಗಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಆಗ ಒಲಿಂಪಿಕ್ ನಿಯಮಗಳಲ್ಲಿ ಇದಕ್ಕೆ ನಿಷೇಧವಿರಲಿಲ್ಲ. ನಿಷೇಧ ಬಂದದ್ದು ಅನಂತರ. ಆದ್ದರಿಂದ ಯಾರ ಪದಕವನ್ನೂ ಹಿಂದಕ್ಕೆ ಪಡೆಯಲಿಲ್ಲ. ಆದರೆ ನಿಷೇಧವಿಲ್ಲದ್ದೆಲ್ಲವೂ ಸರಿಯೇ? ನಿಯಮಪುಸ್ತಕ ಮೌನವಾಗಿರುವಲ್ಲಿ ಮನಸ್ಸಾಕ್ಷಿಯೂ ಮೌನವಾಗಿರಬೇಕೇ? ಸಹಸವಾರನ ಬೆನ್ನಿನ ಆಸರೆಯನ್ನು ಪಡೆಯುವವನು ಋಣಿಯಾಗುತ್ತಾನೆ, ನಾಳೆ ತನ್ನ ಬೆನ್ನನ್ನು ಕೊಟ್ಟು ಆ ಋಣವನ್ನು ತೀರಿಸುತ್ತಾನೆ. ಸೂಜಿಯಿಂದ ಬಂದ ಬಲಕ್ಕೆ ಅಂತಹ ಋಣವಿಲ್ಲ. ಋಣವಿಲ್ಲದ ಕಡೆ ಕೃತಜ್ಞತೆಯೂ ಇರುವುದಿಲ್ಲ. ಮುಂದಿನ ದಶಕಗಳಲ್ಲಿ ಈ ಕ್ರೀಡೆ ಎಂತಹ ಕತ್ತಲನ್ನು ಹೊಕ್ಕಿತು, 2012ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳು ಹೇಗೆ ರದ್ದಾದವು ಎಂಬುದನ್ನು ನೆನೆದರೆ, ಈ ಪ್ರಶ್ನೆಗಳು ಕೇವಲ ತಾತ್ತ್ವಿಕವಲ್ಲ ಎಂಬುದು ಮನದಟ್ಟಾಗುತ್ತದೆ.

ಹಳದಿ ಅಂಗಿಯ ಒಂದು ದಿನ

1985ರಲ್ಲಿ ತಂಡ ವೃತ್ತಿಪರ ಕ್ಷೇತ್ರಕ್ಕೆ ಕಾಲಿಟ್ಟಿತು. ಅದೇ ವರ್ಷ ಇಟಲಿಯ ಜಿರೊ ಸ್ಪರ್ಧೆಯಲ್ಲಿ ಕೀಫೆಲ್ ಮತ್ತು ಆಂಡಿ ಹ್ಯಾಂಪ್‌ಸ್ಟೆನ್ ಒಂದೊಂದು ದಿನದ ಹಂತವನ್ನು ಗೆದ್ದರು. 1986ರ ಜುಲೈಯಲ್ಲಿ ಹತ್ತು ಸವಾರರೊಂದಿಗೆ ತಂಡ ಟೂರ್ ಡಿ ಫ್ರಾನ್ಸ್ ಪ್ರವೇಶಿಸಿತು. ಅಮೆರಿಕದ ತಂಡವೊಂದು ಆ ಸ್ಪರ್ಧೆಗೆ ಇಳಿದದ್ದು ಅದೇ ಮೊದಲು. ಬೀದಿಸುತ್ತಿನ ಆಟಗಾರರೆಂದು ಯುರೋಪಿನ ಹಳಬರು ಇವರನ್ನು ಲಘುವಾಗಿ ಕಂಡರು. ಗುಂಪಿನಲ್ಲಿ ಯಾರಾದರೂ ಬಿದ್ದರೆ ದೂಷಣೆ ಇವರ ಮೇಲೆಯೇ.

ಜುಲೈ 5ರ ಬೆಳಿಗ್ಗೆ 85 ಕಿಲೋಮೀಟರಿನ ಗಿಡ್ಡ ಹಂತ. ಅಲೆಕ್ಸ್ ಸ್ಟೀಡಾ ಕ್ರೈಟೀರಿಯಂನಲ್ಲಿ ತೊಡುವಂತಹ ಮೈಗಂಟಿದ ಒಂದೇ ತುಂಡಿನ ಉಡುಪನ್ನು ತೊಟ್ಟು ಬಂದು, ಗುಂಪಿನಿಂದ ಒಬ್ಬರೇ ತಪ್ಪಿಸಿಕೊಂಡು ಮುಂದೆ ಹೋದರು. ದಾರಿಯಲ್ಲಿ ದೊರೆತ ಸಮಯದ ರಿಯಾಯಿತಿಗಳನ್ನು ಒಟ್ಟುಗೂಡಿಸಿಕೊಂಡು ಹಂತದಲ್ಲಿ ಐದನೆಯವರಾಗಿ ಗುರಿ ಸೇರಿದಾಗ, ಒಟ್ಟು ಲೆಕ್ಕದಲ್ಲಿ ಅವರೇ ಮೊದಲಿಗರಾಗಿದ್ದರು. ಉತ್ತರ ಅಮೆರಿಕದ ಸವಾರನೊಬ್ಬ ಮೊಟ್ಟಮೊದಲ ಬಾರಿಗೆ ಹಳದಿ ಅಂಗಿಯನ್ನು ಧರಿಸಿದ್ದು ಹೀಗೆ.

ಸಂತೋಷದ ಆಯುಸ್ಸು ಕೆಲವೇ ಗಂಟೆಗಳು. ಅದೇ ಮಧ್ಯಾಹ್ನ ಇಡೀ ತಂಡ ಒಟ್ಟಾಗಿ ಗಡಿಯಾರದ ವಿರುದ್ಧ 56 ಕಿಲೋಮೀಟರು ಸಾಗಬೇಕಾಗಿತ್ತು. ತಿರುವೊಂದರಲ್ಲಿ ಎಡವಿ ತಂಡದವರು ಉರುಳಿಬಿದ್ದರು; ಚಕ್ರಗಳು ಪಂಕ್ಚರಾದವು; ಲಯ ತಪ್ಪಿತು. ಬೆಳಗಿನ ಸಾಹಸದಲ್ಲಿ ಬರಿದಾಗಿದ್ದ ಸ್ಟೀಡಾ ಅವರ ಕಾಲುಗಳು ಸೋತವು. ಹಳದಿ ಅಂಗಿಯನ್ನು ತೊಟ್ಟವರೇ ತಮ್ಮ ತಂಡದಿಂದ ಹಿಂದೆ ಬಿದ್ದರು! ಅಂಗಿ ಕೈತಪ್ಪುವುದು ನಿಶ್ಚಿತವಾಗಿತ್ತು. ನಿಗದಿತ ಕಾಲಮಿತಿಯನ್ನು ಮೀರಿದರೆ, ಬೆಳಿಗ್ಗೆ ಮೊದಲಿಗರಾಗಿದ್ದವರನ್ನು ಸಂಜೆ ಸ್ಪರ್ಧೆಯಿಂದಲೇ ಹೊರಗೆ ಕಳುಹಿಸುತ್ತಿದ್ದರು.

ಆಗ ಕ್ರಿಸ್ ಕಾರ್ಮೈಕಲ್ ಮತ್ತು ಜೆಫ್ ಪಿಯರ್ಸ್ ಹಿಂದೆ ಉಳಿದರು. ತಮ್ಮ ಸ್ವಂತ ಸಮಯವನ್ನು ಕಳೆದುಕೊಂಡು, ತಾವೂ ಹೊರಬೀಳುವ ಅಪಾಯವನ್ನು ತಿಳಿದೇ, ಬಳಲಿದ ಸಂಗಾತಿಯ ಮುಂದೆ ನಿಂತು ಗಾಳಿಯನ್ನು ತಡೆದರು. ಮೂವರೂ ಕಾಲಮಿತಿಯೊಳಗೆ ಗುರಿ ತಲಪಿದರು. ಅಂಗಿ ಹೋಯಿತು, ಸವಾರ ಉಳಿದರು. ಮರುದಿನವೇ 214 ಕಿಲೋಮೀಟರಿನ ಹಂತವನ್ನು ಡೇವಿಸ್ ಫಿನ್ನಿ ಗೆದ್ದರು. ಆದರೆ ದಾರಿ ಇನ್ನೂ ಉದ್ದವಿತ್ತು. ಹೈಡನ್ ಅವರು ಕೊನೆಯ ದಿನಗಳಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಹಿಂದೆ ಸರಿಯಬೇಕಾಯಿತು. ಹೊರಟ ಹತ್ತು ಮಂದಿಯಲ್ಲಿ ಪ್ಯಾರಿಸ್ ಸೇರಿದವರು ಅರ್ಧದಷ್ಟು ಮಾತ್ರ. ಅವರಲ್ಲಿ ಸ್ಟೀಡಾ ಒಬ್ಬರು, ಪಿಯರ್ಸ್ ಮತ್ತೊಬ್ಬರು.

ಹಿಂದೆ ಉಳಿದವರ ಗೆಲುವು

ಈ ಹೊತ್ತಿಗೆ ಅವರು ಹವ್ಯಾಸಿಗಳಾಗಿರಲಿಲ್ಲ ನಿಜ. ಆದರೂ ಅಮೆಚೂರ್ ಎಂಬ ಪದದ ಮೂಲಾರ್ಥ ಅವರಲ್ಲಿ ಆ ಮಧ್ಯಾಹ್ನ ಸಿದ್ಧಿಸಿತು ಎನ್ನಬೇಕು. ಕಾರ್ಮೈಕಲ್ ಮತ್ತು ಪಿಯರ್ಸ್ ಅವರಿಗೆ ಹಿಂದೆ ಉಳಿದುದರಿಂದ ಬಹುಮಾನವೇನೂ ಬರುವಂತಿರಲಿಲ್ಲ. ಕ್ರಿಯೆಯ ಗುರಿ ಕ್ರಿಯೆಯೊಳಗೇ ಇತ್ತು. ಆಟವನ್ನು ಪ್ರೀತಿಸುವುದು ಸುಲಭ. ಆಟದಲ್ಲಿ ಸೋಲುತ್ತಿರುವವನನ್ನು, ಅವನಿಂದ ನಮಗೆ ಯಾವ ಲಾಭವೂ ಇಲ್ಲದಿರುವಾಗ ಪ್ರೀತಿಸುವುದು ಕಷ್ಟ. ಹವ್ಯಾಸಿಯೋ ವೃತ್ತಿಪರನೋ ಎಂಬುದನ್ನು ಸಂಬಳದ ಚೀಟಿ ನಿರ್ಧರಿಸಬಹುದು. ಪ್ರೀತಿಸುವವನು ಹೌದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಇಂತಹ ಗಳಿಗೆ.

ಒಂದು ವರ್ಷದ ಬಳಿಕ, 1987ರ ಟೂರ್‌ನ ಕೊನೆಯ ದಿನ. ಆ ಹಂತ ಮುಗಿಯುವುದು ಪ್ಯಾರಿಸ್ ನಗರದ ಶಾಂಜೆಲಿಜೆ ಬೀದಿಯ ಸುತ್ತುಗಳಲ್ಲಿ; ಹೆಸರು ಬೇರೆಯಾದರೂ ರೂಪದಲ್ಲಿ ಅದೊಂದು ಕ್ರೈಟೀರಿಯಂ. ಸೆವೆನ್ ಇಲೆವೆನ್ ತಂಡದ ಸವಾರರೊಬ್ಬರು ಗುಂಪಿನಿಂದ ತಪ್ಪಿಸಿಕೊಂಡು, ಬೆನ್ನಟ್ಟಿ ಬಂದವರಿಗಿಂತ ಕೂದಲೆಳೆಯ ಅಂತರದಲ್ಲಿ ಮೊದಲಿಗರಾಗಿ ಗೆರೆ ದಾಟಿದರು. ಮರುದಿನದ ಪತ್ರಿಕೆಗಳಲ್ಲಿ ಕೈಯೆತ್ತಿದ ಭಂಗಿಯಲ್ಲಿ ಕಾಣಿಸಿಕೊಂಡವರು, ಹಿಂದಿನ ವರ್ಷ ಗೆಳೆಯನಿಗಾಗಿ ಹಿಂದೆ ಉಳಿದಿದ್ದ ಅದೇ ಜೆಫ್ ಪಿಯರ್ಸ್. ಇದನ್ನು ಪ್ರತಿಫಲವೆಂದು ಕರೆಯುವ ಆತುರ ಬೇಡ. ಗೆದ್ದಿರದಿದ್ದರೂ 1986ರ ಆ ಮಧ್ಯಾಹ್ನ ಅವರು ಮಾಡಿದ್ದು ಅಷ್ಟೇ ಶ್ರೇಷ್ಠವಾಗಿರುತ್ತಿತ್ತು.

ತಂಡದ ಹೆಸರು 1990ರಲ್ಲಿ ಮರೆಯಾಯಿತು. ಹೈಡನ್ ಮೂಳೆಶಸ್ತ್ರಚಿಕಿತ್ಸಕರಾದರು. ಅನೇಕರ ಬೆನ್ನಿನ ಆಸರೆಯಲ್ಲಿ ಗೆದ್ದಿದ್ದ ಡೇವಿಸ್ ಫಿನ್ನಿ ಅವರಿಗೆ 2000ದಲ್ಲಿ, ಕೇವಲ ನಲವತ್ತರ ವಯಸ್ಸಿನಲ್ಲಿ, ಪಾರ್ಕಿನ್ಸನ್ ಕಾಯಿಲೆ ಇರುವುದು ಪತ್ತೆಯಾಯಿತು. ಕೈನಡುಗುವ ಆ ಕಾಯಿಲೆಯ ನಡುವೆಯೇ ಅವರು 2004ರಲ್ಲಿ, ಅದೇ ಸಂಕಟದಲ್ಲಿರುವವರ ಬದುಕನ್ನು ಹಗುರಗೊಳಿಸಲು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಸಾಲಿನ ಕೊನೆಯಲ್ಲಿದ್ದವರು ಈಗ ಸಾಲಿನ ಮುಂದಕ್ಕೆ ಬಂದು ಗಾಳಿಯನ್ನು ಎದುರಿಸುತ್ತಿದ್ದಾರೆ.

ಮುಂದಿನ ಬಾರಿ ಗೆದ್ದವನೊಬ್ಬನ ಚಿತ್ರವನ್ನು ಕಂಡಾಗ, ಓದುಗರೇ, ಒಂದು ಕ್ಷಣ ಅವನ ಹಿಂದಿನ ಮಸುಕು ಮುಖಗಳನ್ನೂ ನೋಡೋಣ. ಅವನು ಗೆರೆ ಮುಟ್ಟಿದ ಕಥೆಯ ಅರ್ಧಭಾಗ ಅಲ್ಲಿದೆ.